ಕಾರ್ಯದರ್ಶಿಯ ಕೈಕಾಲು ಸರಿಯಾಗಿಯೇ ಇವೆ

ಮಾನ್ಯರೇ,

ಮಂಗಳವಾರ ನಿಮ್ಮ 4ನೇ ಪುಟದಲ್ಲಿ ‘ನಿವಾಸಿಗಳಿಂದ ಕಾರ್ಯದರ್ಶಿಯ ಅಂಗಚ್ಛೇದನ’ ಎಂದು ಸುದ್ದಿ ಬಂದಿದೆಯಲ್ಲ, ಆ ಕಾರ್ಯದರ್ಶಿ ನಾನೇ. ಎರಡು ಕೈ, ಎರಡು ಕಾಲು ಇದ್ದ ಜಾಗದಲ್ಲೇ ಇವೆ. ಈ ಪತ್ರವನ್ನು ಬಲಗೈಯಲ್ಲೇ ಬರೆಯುತ್ತಿದ್ದೇನೆ.

ಭಾನುವಾರದ ಸಭೆಯಲ್ಲಿ ಆಗಿದ್ದಿಷ್ಟೇ. ಪಾರ್ಕಿನ ಹಿಂದಿನ ಮೋರಿಗೆ ಸಂಘ ಮಾಡಿದ ಖರ್ಚನ್ನು ಸದಸ್ಯರು ಒಂದು ರೂಪಾಯಿ ಬಿಡದೆ ಕೇಳಿದರು. ನಾನು ಹೇಳಿದೆ. ಕಾಫಿ ಕುಡಿದು ಎದ್ದೆವು. ಇದನ್ನೇ ವಾರ್ಡ್ ಕಚೇರಿಯವರು ಇಂಗ್ಲಿಷಿನಲ್ಲಿ ‘ಡಿಸೆಕ್ಟ್’ ಮಾಡಿದರು ಎಂದು ನಿಮಗೆ ಬರೆದು ಕಳಿಸಿದ್ದಾರೆ. ನಿಮ್ಮವರು ಅದನ್ನು ಕಂಪ್ಯೂಟರಿಗೆ ಹಾಕಿ, ಉದುರಿದ್ದನ್ನು ಹಾಗೇ ಅಚ್ಚು ಹಾಕಿರಬೇಕು.

ಬೆಳಿಗ್ಗೆ ಆರೂವರೆಗೇ ದಾವಣಗೆರೆಯಿಂದ ನಾದಿನಿಯ ಫೋನು. ನನ್ನ ದನಿ ಕೇಳಿಯೂ ನಂಬಲಿಲ್ಲ, ‘ಯಾವ ಆಸ್ಪತ್ರೆ, ಸುಮ್ನೆ ಹೇಳಿಬಿಡಿ’ ಅಂದಳು. ಒಂಬತ್ತಕ್ಕೆ ಷಡ್ಡಕರು ಆಟೋ ಮಾಡಿಕೊಂಡು ಆರು ಎಳನೀರು ಹೊತ್ತು ಬಂದೇಬಿಟ್ಟರು. ಹಾಲಿನವನು ಮಾತ್ರ ಹಿಂದಿನ ತಿಂಗಳ ಬಾಕಿ ಕೇಳಿದ.

ನಾನು 31 ವರ್ಷ ಪಿಯು ಮಕ್ಕಳಿಗೆ ಜೀವಶಾಸ್ತ್ರ ಕಲಿಸಿದವನು. ಕಪ್ಪೆಯನ್ನು ಮೇಣದ ತಟ್ಟೆಯಲ್ಲಿ ಅಂಗಾತ ಮಲಗಿಸಿ, ನಾಲ್ಕೂ ಕಾಲಿಗೆ ಗುಂಡುಸೂಜಿ ಚುಚ್ಚಿ, ಹೊಟ್ಟೆಯ ಚರ್ಮವನ್ನು ಚಿಮಟದಲ್ಲಿ ಎತ್ತಿ ಹಿಡಿದು ಕತ್ತರಿ ಆಡಿಸಬೇಕಿತ್ತು. ನಟ್ಟನಡುವೆ ಒಂದು ರಕ್ತನಾಳ ಹಾದುಹೋಗುತ್ತದೆ. ಅದು ತುಂಡಾಯಿತೋ, ತಟ್ಟೆಯೆಲ್ಲ ಕೆಂಪು, ಮಾರ್ಕ್ಸಿಗೆ ಎಳ್ಳುನೀರು. ಡಿಸೆಕ್ಷನ್ನಿನಲ್ಲಿ ಕೊಯ್ಯುವುದಕ್ಕಿಂತ ಬಿಡಿಸುವುದೇ ಜಾಸ್ತಿ. ಲ್ಯಾಟಿನ್ ಮೂಲದಲ್ಲಿ ‘ಕೊಯ್ದು ಬೇರೆ ಮಾಡು’ ಎಂದಿದ್ದ ಪದವನ್ನು ಇಂಗ್ಲಿಷಿನವರು ಭಾಷಣವನ್ನೂ ಲೆಕ್ಕಪತ್ರವನ್ನೂ ಕೂಲಂಕಷವಾಗಿ ಪರಿಶೀಲಿಸುವುದಕ್ಕೂ ಹಚ್ಚಿಕೊಂಡರು. ಗ್ರೀಕಿನಿಂದ ಬಂದ ‘ಅನಾಟಮೈಸ್’ ಕೂಡ ಹೀಗೇ ಎರಡೂ ಕಡೆ ದುಡಿಯುತ್ತದೆ. ಅಂಗಚ್ಛೇದನ ಎಂದರೆ ಕೈಯೋ ಕಾಲೋ ಕತ್ತರಿಸಿ ತೆಗೆಯುವುದು. ಅದು ಆಂಪ್ಯುಟೇಶನ್, ಸ್ವಾಮಿ.

ನಮಗೇನು ಪದಕ್ಕೆ ಬರವೇ? ಹಲಸಿನ ತೊಳೆ ಬಿಡಿಸುತ್ತೇವೆ, ಒಗಟು ಬಿಡಿಸುತ್ತೇವೆ, ಲೆಕ್ಕವನ್ನೂ ಬಿಡಿಸುತ್ತೇವೆ. ‘ಖರ್ಚನ್ನು ಎಳೆ ಎಳೆಯಾಗಿ ಬಿಡಿಸಿ ನೋಡಿದರು’ ಅಂತ ಬರೆದಿದ್ದರೆ ನನ್ನ ನಾದಿನಿ ಆರಾಮಾಗಿ ನಿದ್ದೆ ಮಾಡುತ್ತಿದ್ದಳು, ಅಲ್ವಾ? ಪ್ರತಿ ವರ್ಷ ಬಜೆಟ್ಟಿನ ‘ಪೋಸ್ಟ್‌ಮಾರ್ಟಂ’ ಮಾಡುತ್ತೀರಿ. ಮಾಡಿ, ಬಜೆಟ್ಟಿಗೆ ದಾವಣಗೆರೆಯಲ್ಲಿ ನೆಂಟರಿಲ್ಲ.

ಇನ್ನು ಆ ಕಚೇರಿ. ಕನ್ನಡವೇ ಆಡಳಿತ ಭಾಷೆ ಎಂದು 1963ರಲ್ಲೇ ಕಾಯ್ದೆ ಆಗಿದೆ, ಇವರಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಮೋರಿ ಬಗ್ಗೆ ನಾನು ಕನ್ನಡದಲ್ಲಿ ಕೊಟ್ಟ ಅರ್ಜಿಗೆ ‘ಪರಿಶೀಲನೆಯಲ್ಲಿದೆ’ ಎಂದು ಇಂಗ್ಲಿಷಿನಲ್ಲಿ ಉತ್ತರ. ಮೂರು ವರ್ಷದ ಪರಿಶೀಲನೆ! ಅಷ್ಟರಲ್ಲಿ ಮೋರಿಯ ಕಪ್ಪೆಗಳು ಮೊಮ್ಮಕ್ಕಳನ್ನು ಕಂಡಿವೆ. ಕಂದಾಯದ ರಸೀದಿಯಲ್ಲಿ ನನ್ನ ಜಾಗದಲ್ಲಿ ನಮ್ಮ ತಂದೆಯನ್ನೂ, ಅವರ ಜಾಗದಲ್ಲಿ ನನ್ನನ್ನೂ ಕೂರಿಸಿದವರು ಇವರೇ. ಬೀದಿದೀಪದ ಮಾತು ಬೇಡ, ಬಿಪಿ ಏರುತ್ತದೆ.

ನೀವು ತಿದ್ದುಪಡಿ ಹಾಕಲೇಬೇಕು. ಕೆಳಗಿನ ಮೂಲೆಯಲ್ಲಿ ಇರುವೆ ಸಾಲಿನಷ್ಟಲ್ಲ, ಅದೇ ಪುಟ, ಅದೇ ಅಳತೆ. ಕಚೇರಿಯವರು ಕನ್ನಡ ಕಲಿಯಲಿ, ಇಲ್ಲವೇ ಮೋರಿ ಮುಚ್ಚಲಿ. ಎರಡೂ ಆಗದಿದ್ದರೆ ಷಡ್ಡಕರ ಆಟೋ ಮತ್ತು ಎಳನೀರಿನ ದುಡ್ಡನ್ನಾದರೂ ಯಾರಾದರೂ ಕೊಡಿ.

– ಕಾರ್ಯದರ್ಶಿ (ಅಖಂಡ), ನಿವಾಸಿಗಳ ಸಂಘ, ಎರಡನೇ ಹಂತ