40 ವರ್ಷದ ಉದ್ರಿ

ಕಳೆದ ಶನಿವಾರ ಬ್ಯಾಂಕ್ ಸಾಲದ ಕೊನೆಯ ಕಂತು ಕಟ್ಟಿ ಬಂದೆ. 2020ರಲ್ಲಿ ಮುಳುಗೇ ಹೋಯಿತು ಅಂದುಕೊಂಡಿದ್ದ ನಮ್ಮ ಹುಬ್ಬಳ್ಳಿಯ ಸಣ್ಣ ಕನ್‌ಸ್ಟ್ರಕ್ಷನ್ ಕಂಪನಿಗೆ ಈ ವರ್ಷ 40 ತುಂಬಿದೆ. "ಅಪ್ಪಾಜಿ, ಕಂಪನಿಯ ಇತಿಹಾಸ ಬರೆದುಕೊಡಿ, ಬ್ರೋಷರ್ ಮಾಡಿಸೋಣ" ಎಂದಳು ಮಗಳು. ಬರೆಯಲು ಕೂತರೆ ಕಟ್ಟಿದ ಗೋಡೌನು, ಅಂಗಡಿ ಸಾಲು ಯಾವುದೂ ನೆನಪಿಗೆ ಬರಲಿಲ್ಲ. ಉದ್ರಿ ಕೊಟ್ಟವರ ಮುಖಗಳೇ ಬಂದವು. ಬ್ರೋಷರ್ ಆಮೇಲೆ ಆಗಲಿ, ಮೊದಲು ಇದು.

ಅಪ್ಪ ಗೌಂಡಿ. ಒಂದು ಕರಣೆ, ಒಂದು ತೂಗುಗುಂಡು ಹಿಡಿದು ನವಲಗುಂದದ ಕಡೆಯಿಂದ ಬಂದವರು. ಅವರ ಮೊದಲ ಸ್ವಂತ ಗುತ್ತಿಗೆ ಗದಗ ರಸ್ತೆಯ ಕಡೆ ಒಂದು ಗೋಡೌನು. ಪೂರಾ ಎರೆ ಮಣ್ಣು. ಅದರ ಗುಣ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ, ಮೇಲೆ ಕೂತ ಗೋಡೆಯನ್ನೂ ಸೀಳುತ್ತದೆ. ಗಟ್ಟಿ ಗರಸು ಸಿಗುವವರೆಗೆ ಪಾಯ ತೋಡಲೇಬೇಕು. ಅಪ್ಪ 6 ಅಡಿ ಲೆಕ್ಕ ಹಿಡಿದು ರೇಟು ಹೇಳಿದ್ದರು. ಗರಸು ಸಿಕ್ಕಿದ್ದು 11ಕ್ಕೆ. ಲಾಭವೆಲ್ಲ ಆ 5 ಅಡಿಯಲ್ಲೇ ಹೂತುಹೋಯಿತು.

ಆಗ ದುರ್ಗದಬೈಲಿನ ಹತ್ತಿರದ ಸಿಮೆಂಟ್ ಅಂಗಡಿಯ ಸಾವ್ಕಾರ್ರು, "ತಮ್ಮಾ, ರೊಕ್ಕ ಬಂದಾಗ ಕೊಡು, ಕೆಲಸ ಅರ್ಧಕ್ಕ ಬಿಡಬ್ಯಾಡ" ಎಂದು ಮಾಲು ಕಳಿಸಿದರು. ಒಂದು ಚೀಟಿ ಬರೆಸಿಕೊಳ್ಳಲಿಲ್ಲ. ಅವರು ಈಗಿಲ್ಲ. ಮೊಮ್ಮಗ ಕಂಪ್ಯೂಟರ್ ಬಿಲ್ ಕೊಡುತ್ತಾನೆ, ಆದರೆ ಉದ್ರಿ ಮಾತ್ರ ಅಜ್ಜನ ರೀತಿಯಲ್ಲೇ ಕೊಡುತ್ತಾನೆ. ಆ ಮನೆಗೆ ನಮ್ಮ ನಮಸ್ಕಾರ.

ಎರಡನೆಯದು ನಮ್ಮ ಸ್ಟ್ರಕ್ಚರ್ ಇಂಜಿನಿಯರ್ ಮೇಡಂಗೆ. ಒಮ್ಮೆ ನಮ್ಮ ಸೈಟಿನ ಕ್ಯೂಬ್ ಟೆಸ್ಟ್, ಅಂದರೆ ಕಾಂಕ್ರೀಟಿನ ಗಟ್ಟಿತನದ ಪರೀಕ್ಷೆ, 28 ದಿನಕ್ಕೂ ಪಾಸಾಗಲಿಲ್ಲ. ಮೇಡಂ ಬಂದು ಮತ್ತೆ ತಪಾಸಣೆ ಮಾಡಿಸಿ, ಎರಡು ಕಾಲಂ ಒಡೆಸಿದರು. ತಪ್ಪು ನಮ್ಮದೇ, ಮಿಕ್ಸರ್‌ಗೆ ನೀರು ಜಾಸ್ತಿ ಬಿಟ್ಟಿದ್ದೆವು. ಆದರೂ ನಾನು ಒಂದು ತಿಂಗಳು ಅವರ ಜೊತೆ ಮಾತಾಡಲಿಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಇನ್ನೂ ಕಟ್ಟುತ್ತಿದ್ದ ವಾಣಿಜ್ಯ ಕಟ್ಟಡ ಕುಸಿದು 19 ಜನ ಸತ್ತರಲ್ಲ, ಆ ರಾತ್ರಿ ನಿದ್ದೆ ಬರಲಿಲ್ಲ. ನಾವು ಕಟ್ಟಿದ ಒಂದೊಂದೇ ಕಟ್ಟಡ ಕಣ್ಣ ಮುಂದೆ ಬಂತು. ಬೆಳಗ್ಗೆ ಎದ್ದವನೇ ಮೇಡಂಗೆ ಫೋನ್ ಮಾಡಿದೆ. ಏನು ಹೇಳಬೇಕೋ ತೋಚಲಿಲ್ಲ, "ಆ ಎರಡು ಕಾಲಂ..." ಎಂದೆ. "ಗೊತ್ತಾಯಿತು ಬಿಡ್ರಿ" ಎಂದರು.

ಇನ್ನು 2020. ಒಂದು ಶಾಪಿಂಗ್ ಕಾಂಪ್ಲೆಕ್ಸಿನ ಎರಡನೇ ಸ್ಲ್ಯಾಬ್ ಹಾಕಿದ್ದು ಮಾರ್ಚ್ 21, ಶನಿವಾರ. ಭಾನುವಾರ ಜನತಾ ಕರ್ಫ್ಯೂ. 25ರಿಂದ ಇಡೀ ದೇಶಕ್ಕೆ ಬೀಗ. ಹಸಿ ಸ್ಲ್ಯಾಬ್ ಮಾರ್ಚ್ ಬಿಸಿಲಿಗೆ ಒಣಗಿದರೆ ಬಿರುಕು ಬಿಡುತ್ತದೆ, ದಿನಾ ನೀರು ಬೇಕೇ ಬೇಕು. ನಾನು ಮನೆಯಿಂದ ಹೊರಡುವ ಹಾಗಿರಲಿಲ್ಲ. ಸೈಟಿನ ಶೆಡ್ಡಿನಲ್ಲಿ ಉಳಿದಿದ್ದವರು ವಾಚ್‌ಮನ್ ಕಾಕಾ ಮತ್ತು ಅವರ ಹೆಂಡತಿ ಇಬ್ಬರೇ. ಯಾರೂ ಹೇಳದೆ ಸ್ಲ್ಯಾಬ್ ಮೇಲೆ ಮಣ್ಣಿನ ಸಣ್ಣ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಿದರಂತೆ. ಮೋಟರ್ ಕೈ ಕೊಟ್ಟ ದಿನ ಕೊಡದಲ್ಲಿ ಹೊತ್ತಿದ್ದಾರೆ, ಎರಡು ಮಹಡಿ. ಫೋನಿನಲ್ಲಿ ನನಗೆ ಹೇಳಿದ್ದು ಇಷ್ಟೇ: "ನೀರು ಹೊಡದೇವ್ರಿ ಸಾಹೇಬ್ರ, ಚಿಂತಿ ಮಾಡಬ್ಯಾಡ್ರಿ."

ಆ ಕಾಂಪ್ಲೆಕ್ಸಿನ ಮಾಲೀಕರು ಬಿಲ್ ಹಿಡಿದಿಟ್ಟರು. ಬಿಲ್ ಹಾಕಿದ ಮೇಲೆ ರೊಕ್ಕ ಬರಲಿ ಬಿಡಲಿ, 18% ಜಿಎಸ್‌ಟಿ ಕಟ್ಟಲೇಬೇಕು. ಕಟ್ಟಿದೆವು. ಮರುವರ್ಷ ಕಬ್ಬಿಣದ ದರ ಏರಿತು, ನಮ್ಮ ಹಳೆಯ ಗುತ್ತಿಗೆಗಳ ರೇಟು ಏರಲಿಲ್ಲ. ಆ ಕಥೆ ಈಗ ಬೇಡ, ಸುಮ್ನೆ ಬಿ.ಪಿ. ಏರುತ್ತದೆ. ಹಸಿ ಸ್ಲ್ಯಾಬ್ ಹೊತ್ತು ನಿಲ್ಲುವ ಸೆಂಟ್ರಿಂಗ್ ಸಾಮಾನಿನ ಬಾಡಿಗೆ ದಿನದ ಲೆಕ್ಕದಲ್ಲಿ ಓಡುತ್ತಿತ್ತು. ಬಾಡಿಗೆಗೆ ಕೊಟ್ಟ ಅಣ್ಣ ಎರಡು ತಿಂಗಳದ್ದು ಪೂರಾ ಬಿಟ್ಟರು. ನಮ್ಮ ಗೌಂಡಿಗಳು ಊರಿಂದ ಮರಳಿ ಬಂದು, ಹಲವು ವಾರ ಅರ್ಧ ಬಟವಾಡೆಯಲ್ಲಿ ದುಡಿದರು. ಉಳಿದರ್ಧ ಕೊಡಲು ನನಗೆ ಒಂದೂವರೆ ವರ್ಷ ಬೇಕಾಯಿತು. ಅಷ್ಟು ದಿನ ಒಬ್ಬರೂ ಮನೆ ಬಾಗಿಲಿಗೆ ಬಂದು ಕೇಳಲಿಲ್ಲ. ಅವರ ಮನೆಯಲ್ಲೂ ಒಲೆ ಉರಿಯಬೇಕಿತ್ತಲ್ವಾ?

ಎಲ್ಲರ ಲೆಕ್ಕ ಚುಕ್ತಾ ಮಾಡಿದ್ದೇನೆ, ಒಂದನ್ನು ಬಿಟ್ಟು. ವಾಚ್‌ಮನ್ ಕಾಕಾ ಆ ಮಳೆಗಾಲದಲ್ಲೇ ಮಸ್ಕಿ ಕಡೆಯ ತಮ್ಮ ಊರಿಗೆ ಹೋದರು. ನಂಬರ್ ಈಗ ಹತ್ತುತ್ತಿಲ್ಲ. ಅವರಿಬ್ಬರ ಎರಡು ತಿಂಗಳ ಪಗಾರ ಹಜೇರಿ ಪುಸ್ತಕದಲ್ಲಿ ಹಾಗೇ ಬಾಕಿ ಇದೆ. ಆ ಕಡೆಯಿಂದ ಕೆಲಸಕ್ಕೆ ಬರುವವರು ಯಾರಾದರೂ ಇದನ್ನು ಓದಿದರೆ ಒಂದು ಮಾತು ತಿಳಿಸಿ. ನಾನೇ ಹೋಗಿ ಕೊಟ್ಟು ಬರುತ್ತೇನೆ.