ಅಕ್ಕನಿಗೆ, ಮತ್ತೆ ಉಳಿದವರಿಗೆಲ್ಲ

ಇವತ್ತು ಬೆಳಿಗ್ಗೆ ನಮ್ಮವರು ತಾವಾಗಿಯೇ ಎದ್ದು, ಬಾವಿಕಟ್ಟೆಗೆ ಹೋಗಿ ಅರ್ಧ ಕೊಡ ನೀರು ಸೇದಿ ತಂದರು. ಅದರಲ್ಲೂ ಕಾಲು ಭಾಗ ದಾರಿಯಲ್ಲೇ ಚೆಲ್ಲಿತ್ತು. ಯಾರೂ ತರಲು ಹೇಳಿರಲಿಲ್ಲ. ಡಾಕ್ಟರಿಗೆ ಗೊತ್ತಾದರೆ ಬೈಗುಳ ಗ್ಯಾರಂಟಿ. ಆದರೂ ಅಂಗಳದಿಂದ ಅಡುಗೆಮನೆಯವರೆಗೆ ಬಿದ್ದಿದ್ದ ಆ ಒದ್ದೆ ಹೆಜ್ಜೆಗಳನ್ನು ಒರೆಸಲು ಮನಸ್ಸು ಬರಲಿಲ್ಲ. ಜುಲೈಯಿಂದ "ಎಲ್ಲರಿಗೂ ಬರೆಯುತ್ತೇನೆ" ಅನ್ನುತ್ತಲೇ ಇದ್ದೇನೆ. ಇವತ್ತು ಡಿಸೆಂಬರ್ 31. ಇನ್ನು ಮುಂದೂಡಲಿಕ್ಕೆ ದಿನವೇ ಉಳಿದಿಲ್ಲ.

ಇವರ ಕಾಯಿಲೆಯ ಕಥೆ ಮತ್ತೆ ಹೇಳುವುದಿಲ್ಲ. ನಿಮಗೆಲ್ಲ ಗೊತ್ತು. ಕೆಲವರಿಗೆ ನನಗಿಂತ ಜಾಸ್ತಿಯೇ ಗೊತ್ತು.

ಮೊದಲು ಎಲ್ಲರಿಗೂ ಒಟ್ಟಿಗೆ ಹೇಳಿಬಿಡುತ್ತೇನೆ. ಆ ಮಳೆಯಲ್ಲಿ ರಕ್ತ ಕೊಡಲು ಬಂದ ಹುಡುಗರು, ವಾರಕ್ಕೆರಡು ಸಲ ಬುತ್ತಿ ಕಳಿಸಿದ ಚರ್ಚಿನ ಸಭೆಯ ಹೆಂಗಸರು, ಫೀಸಿಗೆ ಆರು ತಿಂಗಳು ಸಮಯ ಕೊಟ್ಟ ಮಗಳ ಕಾಲೇಜಿನವರು, ಗೇಟಿನ ಹತ್ತಿರ ಸದ್ದಿಲ್ಲದೆ ಮೀನಿನ ಸಾರು ಇಟ್ಟು ಹೋಗುತ್ತಿದ್ದ ಎದುರುಮನೆಯ ಬ್ಯಾರಿ ಕುಟುಂಬ, ಪ್ರತಿ ಬುಧವಾರ ಬಂದು ಬೈಬಲಿನ ಒಂದು ಕೀರ್ತನೆ ಓದಿ ಐದೇ ನಿಮಿಷದಲ್ಲಿ ಎದ್ದು ಹೋಗುತ್ತಿದ್ದ ನಮ್ಮ ಪಾದ್ರಿ ಅಯ್ಯನವರು (ರೋಗಿಯ ಮನೆಯಲ್ಲಿ ಎಷ್ಟು ಹೊತ್ತು ಕೂರಬೇಕು ಅಂತ ಗೊತ್ತಿರುವುದು ದೊಡ್ಡ ವರವೇ ಸರಿ), ನಿಮ್ಮೆಲ್ಲರ ಋಣ ನಮ್ಮ ಮೇಲಿದೆ. ಒಂದೇ ವಾಕ್ಯದಲ್ಲಿ ಮುಗಿಸಿದಳು ಅಂತ ಬೇಜಾರು ಮಾಡಬೇಡಿ. ಉಳಿದ ಜಾಗ ನನ್ನ ಓರಗಿತ್ತಿಗೆ ಬೇಕು.

ಹೌದು, ಓರಗಿತ್ತಿಗೇ, ನಾನು ಅಕ್ಕ ಅಂತ ಕರೆಯುವವರಿಗೆ. ನಮ್ಮಿಬ್ಬರ ವಿಷಯ ಗೊತ್ತಿದ್ದವರು ಈಗ ನಗುತ್ತಿರಬಹುದು. ಆರು ವರ್ಷ ಚರ್ಚಿನಲ್ಲಿ ಆಚೆ ಬದಿ ಈಚೆ ಬದಿ ಕೂತವರು ನಾವು. ತಪ್ಪು ನನ್ನದೇ. ಅತ್ತೆ ತೀರಿಕೊಂಡ ಮೇಲೆ ಪಾಲಿನ ಮಾತು ಬಂದಾಗ, "ಆ ಹಳೆ ಮನೆ ನಮಗೆ ಬೇಡ, ವರ್ಷ ವರ್ಷ ಹಂಚು ಸರಿ ಮಾಡಿಸುತ್ತ ಕೂರುವವರು ಯಾರು, ದುಡ್ಡು ಕೊಟ್ಟುಬಿಡಿ" ಅಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಪರವಾಗಿರಲಿಲ್ಲ. "ನಿಮ್ಮ ಹಾಗೆ ಹೊಗೆ ಕುಡಿದುಕೊಂಡು ಬದುಕಲಿಕ್ಕೆ ನನ್ನಿಂದ ಆಗುವುದಿಲ್ಲ" ಅಂತಲೂ ಅಂದೆ, ಊಟಕ್ಕೆ ಕೂತಿದ್ದ ಹನ್ನೆರಡು ಜನರ ಎದುರು. ಭಾವ ಸಾಲ ಮಾಡಿ ನಮ್ಮ ಪಾಲಿನ ದುಡ್ಡು ಕೊಟ್ಟರು. ನಾವು ಫ್ಲ್ಯಾಟಿಗೆ ಮುಂಗಡ ಕಟ್ಟಿದೆವು. ಆಮೇಲೆ ಅಕ್ಕ ಮಾತಾಡಲಿಲ್ಲ. ನಾನೂ ಮಾತಾಡಿಸಲಿಲ್ಲ.

ಇವರು ಆಸ್ಪತ್ರೆಯಲ್ಲಿದ್ದ ಜುಲೈಯ ಆ ರಾತ್ರಿ ಡಾಕ್ಟರು ಹೊರಗೆ ಬಂದು "ಬೆಳಗಿನವರೆಗೆ ನೋಡೋಣ" ಅಂದರು. ಬೇರೇನೂ ಹೇಳಲಿಲ್ಲ. ಮಗಳನ್ನು ಅಮ್ಮನ ಮನೆಗೆ ಕಳಿಸಿದ್ದೆ. ಬಂದವರೆಲ್ಲ ಮಳೆ ಜೋರಾಗುವ ಮುಂಚೆ ಹೊರಟಿದ್ದರು. ತಪ್ಪೇನಿಲ್ಲ, ಎಲ್ಲರಿಗೂ ಮನೆಮಠ ಉಂಟಲ್ಲ. ಹತ್ತೂಕಾಲರ ಹೊತ್ತಿಗೆ ಮೆಟ್ಟಿಲು ಹತ್ತಿ ಅಕ್ಕ ಬಂದರು. ಸೀರೆ ಮೊಣಕಾಲವರೆಗೆ ಒದ್ದೆ. ಒಂದು ಕೈಯಲ್ಲಿ ಟಿಫಿನ್ ಕ್ಯಾರಿಯರ್, ಇನ್ನೊಂದರಲ್ಲಿ ಪ್ಲಾಸ್ಟಿಕ್ ಚೀಲ. ಹೇಗುಂಟು ಅಂತ ಕೇಳಲಿಲ್ಲ. ಪಕ್ಕದಲ್ಲಿ ಕೂತು "ಗಂಜಿ ಕುಡಿ" ಅಂದರು. ಆರು ವರ್ಷದ ಮೇಲೆ ಆಡಿದ ಮೊದಲ ಮಾತು ಅದು. ಕುಚ್ಚಲಕ್ಕಿ ಗಂಜಿ, ಒಂದು ಮಾವಿನ ಮಿಡಿ. ಬೇಡ ಅಂದೆ. "ನಿನಗೆ ಬೇಡದಿದ್ದರೂ ಹೊಟ್ಟೆಗೆ ಬೇಕು ಮಾರಾಯ್ತಿ" ಅಂದರು. ಕುಡಿದೆ.

ಆಮೇಲೆ ಚೀಲದಿಂದ ಒಂದು ಸೀರೆ ತೆಗೆದರು. ಅಕ್ಕ ಟೈಲರಿಂಗ್ ಮಾಡುವವರು, ಗೊತ್ತಲ್ಲ. ಕಡು ನೀಲಿ ಬಣ್ಣದ್ದು, ಫಾಲ್ ಹಚ್ಚಲಿಕ್ಕಿತ್ತು. ಮರುದಿನ ಗಿರಾಕಿಗೆ ಕೊಡಬೇಕಂತೆ. ಟ್ಯೂಬ್‌ಲೈಟಿನ ಕೆಳಗೆ ಸೀರೆಯ ಅಂಚು ಮಡಿಲಲ್ಲಿ ಹರಡಿಕೊಂಡು, ನೂಲಿನ ತುದಿಯನ್ನು ನಾಲಿಗೆಗೆ ತಾಗಿಸಿ ಸೂಜಿಗೆ ಪೋಣಿಸಿದರು.

ಹನ್ನೆರಡರ ಹೊತ್ತಿಗೆ ಒಳಗೆ ಏನೋ ಯಂತ್ರ ಕೂಗಿತು. ನರ್ಸುಗಳು ಓಡಿದರು. ಬಾಗಿಲು ಮುಚ್ಚಿತು. ನನ್ನ ಕೈಕಾಲು ಬಿದ್ದೇಹೋಯಿತು. ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಹೇಳೋಣ ಅಂತ ಶುರು ಮಾಡಿದೆ. ಮಾತು ಬಂದಾಗಿನಿಂದ ಹೇಳಿಕೊಂಡು ಬಂದದ್ದು, ನಿದ್ದೆಯಲ್ಲೂ ತಪ್ಪುವುದಿಲ್ಲ. "ನಿನ್ನ ಚಿತ್ತವು" ಅನ್ನುವಲ್ಲಿಗೆ ನಿಂತಿತು. ಇನ್ನೊಮ್ಮೆ ಶುರು ಮಾಡಿದೆ. ಮತ್ತೆ ಅಲ್ಲಿಗೇ ಬಂದು ನಿಂತಿತು. ಅವನ ಚಿತ್ತ ಇವರನ್ನು ಕರೆದುಕೊಳ್ಳುವುದೇ ಆಗಿದ್ದರೆ? ನಾನೇ ಬಾಯಿಬಿಟ್ಟು "ನೆರವೇರಲಿ" ಅನ್ನಬೇಕಾ? ಅಕ್ಕನಿಗೆ ಹೇಳಿದೆ, "ಆ ಸಾಲು ನನಗೆ ಹೇಳ್ಲಿಕ್ಕೆ ಆಗ್ತಾ ಇಲ್ಲ."

ಅಕ್ಕ ತಲೆ ಎತ್ತಲಿಲ್ಲ. "ಅದನ್ನು ನಾನು ಹೇಳ್ತೇನೆ. ನೀನು ಅದರ ಮುಂದಿನದ್ದು ಹೇಳು" ಅಂದರು. ಮೆಲ್ಲಗೆ ಆ ಸಾಲು ಹೇಳಿಯೂ ಹೇಳಿದರು. ನಾನು "ನಮ್ಮ ಅನುದಿನದ ಆಹಾರವನ್ನು ಈಹೊತ್ತು ದಯಪಾಲಿಸು" ಅಂದೆ. ಅಲ್ಲಿಂದ ಮುಂದೆ ಬಂತು.

ಆಮೇಲೆ ಇನ್ನೊಂದು ಸೂಜಿ ನನ್ನ ಕೈಗಿಟ್ಟರು. "ಸುಮ್ನೆ ಕೂರಬೇಡ. ಆ ತುದಿಯಿಂದ ಹೊಲಿಯುತ್ತಾ ಬಾ." ಕಣ್ಣೀರಿಗೆ ಸೂಜಿಯೇ ಕಾಣುತ್ತಿರಲಿಲ್ಲ, ಆದರೂ ಹೊಲಿದೆ. ಅವರ ಹೊಲಿಗೆ ಎಳ್ಳಿನಷ್ಟು, ನನ್ನದು ಒಂದು ಕಡೆ ಗೇಣುದ್ದ, ಇನ್ನೊಂದು ಕಡೆ ಬೆರಳುದ್ದ. ಬೆಳಗಿನ ಜಾವ ಎಲ್ಲೋ ನಡುವಿನಲ್ಲಿ ಇಬ್ಬರ ನೂಲೂ ಸೇರಿತು. ಐದೂವರೆಗೆ ಡಾಕ್ಟರು ಬಂದು "ಸ್ವಲ್ಪ ಪರವಾಗಿಲ್ಲ" ಅಂದರು. ನಾನು ಗೋಡೆಗೆ ಮುಖ ಮಾಡಿ ಅತ್ತೆ. ಅಕ್ಕ ಸೀರೆ ಮಡಚಿದರು. ನನ್ನ ಕಡೆಯದ್ದನ್ನು ಬಿಚ್ಚಿ ಹೊಲಿಯಿರಿ ಅಂದರೆ, "ಒಳಗಿನ ಬದಿ ಅಲ್ವಾ, ಯಾರು ನೋಡ್ತಾರೆ" ಅಂತ ಹಾಗೆಯೇ ಕೊಟ್ಟುಬಿಟ್ಟರಂತೆ. ಈ ಊರಲ್ಲಿ ಯಾರೋ ಒಬ್ಬರು ನನ್ನ ಆ ರಾತ್ರಿಯ ಹೊಲಿಗೆ ಉಟ್ಟುಕೊಂಡು ತಿರುಗುತ್ತಿದ್ದಾರೆ. ನೀಲಿ ಸೀರೆ ಕಂಡಾಗಲೆಲ್ಲ ನನ್ನ ಕಣ್ಣು ಕಾಲಿನ ಹತ್ತಿರ ಹೋಗುತ್ತದೆ.

ಅಕ್ಕ ಹಾಗೆ ಹನ್ನೊಂದು ರಾತ್ರಿ ಬಂದರು.

ಆಗಸ್ಟಿನಲ್ಲಿ ಫ್ಲ್ಯಾಟು ಮಾರಲಿಕ್ಕೆ ಇಟ್ಟೆವು. ಇನ್ಶೂರೆನ್ಸಿನವರ ಜೊತೆ ನಡೆದದ್ದನ್ನು ಬರೆದರೆ ಈ ಬರಹದ ಸ್ವರವೇ ಕೆಡುತ್ತದೆ, ಬಿಡಿ. ಬಾಡಿಗೆ ಮನೆ ಹುಡುಕುತ್ತಿದ್ದಾಗ ಅಕ್ಕನೇ ಫೋನ್ ಮಾಡಿದರು. "ಹಿಂದಿನ ಎರಡು ಕೋಣೆ ಖಾಲಿ ಉಂಟು. ಹಂಚಿನ ಮಾಡು ಸೋರ್ತದೆ. ಮೊದಲೇ ಹೇಳಿದ್ದೇನೆ." ಆ ಕೊನೆಯ ಮಾತಿನಲ್ಲಿ ಸಣ್ಣ ನಗು ಇತ್ತು. ಆರು ವರ್ಷದ ಲೆಕ್ಕವನ್ನು ಅವರು ವಸೂಲು ಮಾಡಿದ್ದು ಅಷ್ಟೇ.

ಮಾಡು ಸೋರಿದ್ದೂ ಹೌದು, ಬಂದ ಮೂರನೇ ದಿನವೇ. ಭಾವನ ಮಗ ಮೇಲೆ ಹತ್ತಿ ಒಡೆದ ಹಂಚನ್ನು ಕೆಳಗೆ ಕೊಟ್ಟ. ಅದರ ಮೇಲೆ ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನ ಕಾರ್ಖಾನೆಯ ಹೆಸರು ಅಚ್ಚೊತ್ತಿತ್ತು. ನಮ್ಮವರ ಮುತ್ತಜ್ಜ ಮಣ್ಣು ತುಳಿದದ್ದು ಅಲ್ಲಿಯೇ. ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಕ್ರಿಸ್ತನನ್ನು ನಂಬಿದ್ದಕ್ಕೆ ಮನೆಯಿಂದ, ಜಾತಿಯಿಂದ ಹೊರಬಿದ್ದವರಿಗೆ ಹೊಟ್ಟೆಪಾಡಿಗೆ ಒಂದು ಕೆಲಸ ಬೇಕಿತ್ತು. ಮಗ್ಗ, ಹಂಚು ಎಲ್ಲ ಬಂದದ್ದು ಹಾಗೆ. ಸಂಡೇ ಸ್ಕೂಲಿನಲ್ಲಿ ಇದನ್ನೆಲ್ಲ ಕೇಳಿ ಕೇಳಿ ಆಕಳಿಸಿದ್ದವಳು ನಾನು. ಬಕೆಟಿನ ಪಕ್ಕ ಹಂಚಿನ ತುಂಡು ಹಿಡಿದು ನಿಂತಾಗ ಆಕಳಿಕೆ ಬರಲಿಲ್ಲ. ಈ ಮನೆತನ ಬರಿಗೈಯಲ್ಲಿ ಶುರು ಮಾಡುತ್ತಿರುವುದು ಇದು ಮೊದಲ ಸಲವೇನಲ್ಲ.

"ಸರಳ ಜೀವನ ಶುರು ಮಾಡಿದ್ದೀರಂತೆ, ಒಳ್ಳೆಯದಾಯ್ತು" ಅಂತ ಕೆಲವರು ಹೇಳುತ್ತಾರೆ. ನಮಗೆ ಆ ಮರ್ಯಾದೆ ಬೇಡ. ನಾವೇನು ಆರಿಸಿಕೊಂಡು ಬಂದವರಲ್ಲ. ಕಾರು ಹೋಯಿತು, ಬಸ್ಸಿಗೆ ಹೋಗುತ್ತೇನೆ. (ಸರ್ಕಾರಿ ಬಸ್ಸಾದರೆ ಹೆಂಗಸರಿಗೆ ಫ್ರೀ. ಆದರೆ ನಮ್ಮ ಮಂಗಳೂರಿನ ಒಳಗೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ನಮ್ಮ ಅದೃಷ್ಟ.) ಸೋಫಾ ಬಾಗಿಲಲ್ಲಿ ಹಿಡಿಸಲಿಲ್ಲ, ಮಾರಿದೆವು. ವಾಷಿಂಗ್ ಮಷೀನು ಮಾತ್ರ ಬಿಟ್ಟುಕೊಡಲಿಲ್ಲ, ಸರಳತೆಗೂ ಒಂದು ಮಿತಿ ಉಂಟು. ಬೆಳಿಗ್ಗೆ ಬಚ್ಚಲ ಒಲೆಗೆ ತೆಂಗಿನ ಗರಿ ಹಾಕಿ ಉರಿಸುತ್ತೇನೆ. ಹೊಗೆ ಕುಡಿಯುವವಳು ಈಗ ನಾನೇ.

ಒಂದು ಬದಲಾವಣೆ ಮಾತ್ರ ನಿಜವಾಗಿ ಹಿಡಿಸಿದೆ. ಮೊದಲು ಫ್ರಿಜ್ಜಿನಲ್ಲಿ ವಾರದ ಮೀನು, ವಾರದ ತರಕಾರಿ ತುಂಬಿಡುತ್ತಿದ್ದೆ, ಅರ್ಧ ಕೊಳೆತು ಹೋಗುತ್ತಿತ್ತು. ಈಗ ಇರುವುದು ಪುಟ್ಟ ಫ್ರಿಜ್ಜು. ಅವತ್ತಿನ ಬೂತಾಯಿ ಮೀನು ಅವತ್ತೇ, ಹಿತ್ತಿಲಿನ ತಿಮರೆ (ಒಂದೆಲಗ) ಕಿತ್ತು ಅವತ್ತಿನ ಚಟ್ನಿ. ಬೈಬಲಿನ ವಿಮೋಚನಕಾಂಡದಲ್ಲಿ, ಮರಳುಗಾಡಿನಲ್ಲಿ ದೇವರು ದಿನದಿನ ಕೊಟ್ಟ ಆಹಾರ ಮನ್ನದ ಕಥೆ ಬರುತ್ತದಲ್ಲ, ನಾಳೆಗೆ ಅಂತ ಎತ್ತಿಟ್ಟವರ ಪಾತ್ರೆಯಲ್ಲಿ ಹುಳ ಬಿದ್ದದ್ದು. ನನಗದು ಯಾವಾಗಲೂ ಸ್ವಲ್ಪ ಅನ್ಯಾಯ ಅನಿಸುತ್ತಿತ್ತು. ಪಾಪ, ಮಕ್ಕಳಿರುವವರು ನಾಳೆಗೆ ಎತ್ತಿಡುವುದರಲ್ಲಿ ತಪ್ಪೇನು? ಈಗಲೂ ಪೂರ್ತಿ ಒಪ್ಪಿಲ್ಲ. ಆದರೆ ಈ ಐದು ತಿಂಗಳಲ್ಲಿ ಒಂದು ದಿನವೂ ಒಲೆ ಹೊತ್ತದೆ ಇರಲಿಲ್ಲ ಅನ್ನುವುದೂ ಲೆಕ್ಕಕ್ಕೆ ಇದೆ.

ಪಾಠ ಕಲಿಸಲಿಕ್ಕೆ ದೇವರು ಈ ಕಾಯಿಲೆ ಕೊಟ್ಟ ಅಂತ ಯಾರಾದರೂ ಅಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಹಾಗೆ ಪಾಠ ಹೇಳುವವನು ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವವನು ಹತ್ತೂಕಾಲಿಗೆ ಗಂಜಿ ಕಳಿಸಿದವನು. ಅವನಿಗೆ ಸ್ತೋತ್ರ. ಚರ್ಚಿನಲ್ಲಿ ಈಗಲೂ ಆ ಸಾಲು ಬಂದಾಗ ನನ್ನ ಸ್ವರ ಇಳಿಯುತ್ತದೆ. ಪಕ್ಕದಲ್ಲಿ ಕೂತ ಅಕ್ಕ ಅದನ್ನು ಮಾತ್ರ ಸ್ವಲ್ಪ ಗಟ್ಟಿಯಾಗಿ ಹೇಳುತ್ತಾರೆ.

ಈ ಸಲ ಚರ್ಚಿನ ಬೆಳೆಹಬ್ಬಕ್ಕೆ ಕಾಣಿಕೆ ಕೊಡಲು ನಮ್ಮಲ್ಲಿ ಏನೂ ಇರಲಿಲ್ಲ. ಮನೆಗೆ ಬಂದ ದಿನ ಅಕ್ಕ ಕೊಟ್ಟ ಬಸಳೆ ಬಳ್ಳಿಯ ತುಂಡು ನೆಟ್ಟಿದ್ದೆ, ಅದು ಚಪ್ಪರ ಹಿಡಿದಿತ್ತು. ಒಂದು ಕಟ್ಟು ಕೊಯ್ದು ಬಾಳೆಹಗ್ಗದಲ್ಲಿ ಕಟ್ಟಿ ಒಯ್ದೆ. ಬಂದ ಕಾಣಿಕೆಗಳನ್ನು ಏಲಂ ಕೂಗುವವರು ಕುಂಬಳಕಾಯಿ, ತೆಂಗಿನಕಾಯಿ, ಒಂದು ಹುಂಜ ಎಲ್ಲ ಮುಗಿಸಿ ಬಸಳೆ ಎತ್ತಿದರು. ಮಾರ್ಕೆಟಿನಲ್ಲಿ ನಲವತ್ತು ರೂಪಾಯಿಯ ಮಾಲು. ಅಕ್ಕ ನೂರು ಅಂದರು. ಹಿಂದಿನ ಬೆಂಚಿನ ಹಿರಿಯರು ಇನ್ನೂರು. ಅಕ್ಕ ಮುನ್ನೂರು. ಹಿರಿಯರಿಗೂ ಹಠ ಬಂತು. ಹನ್ನೊಂದು ನೂರಕ್ಕೆ ಅಕ್ಕನದಾಯಿತು. "ನಿಮ್ಮದೇ ಹಿತ್ತಿಲು, ನಿಮ್ಮದೇ ಬಳ್ಳಿ, ಎಂತ ಇದು?" ಅಂತ ಕೇಳಿದೆ. "ಬಾಯಿ ಮುಚ್ಚು, ಬೇರೆಯವರ ಪಾಲಾಗ್ತಿತ್ತು" ಅಂದರು.

ಸಂಜೆ ಅದಕ್ಕೆ ಒಣ ಸಿಗಡಿ ಹಾಕಿ ಪದಾರ್ಥ ಮಾಡಿ, ಅರ್ಧ ನಮಗೇ ಕೊಟ್ಟು ಹೋದರು. ಆ ಪಾತ್ರೆ ಇನ್ನೂ ನಮ್ಮಲ್ಲೇ ಉಂಟು. ಖಾಲಿ ಪಾತ್ರೆ ವಾಪಸು ಕೊಡಬಾರದಲ್ಲ. ಇವತ್ತು ಅಕ್ಕಿ ಉಂಡೆ ಕಟ್ಟಿದ್ದೇನೆ, ರಾತ್ರಿ ಆರಾಧನೆಗೆ ಹೊರಡುವ ಮುಂಚೆ ತುಂಬಿಸಿ ಕೊಡಬೇಕು. ಬೆಲ್ಲ ಸ್ವಲ್ಪ ಜಾಸ್ತಿಯಾಗಿದೆ. ಅಕ್ಕನಿಂದ ಬೈಸಿಕೊಳ್ಳಲಿಕ್ಕುಂಟು.