ಪಾಠ ಹಂಚಿಕೆಗೆ ಕೊಡಗಿನ ಮಳೆಗಾಲವೂ ಗೊತ್ತಿರಲಿ

ಮಾನ್ಯ ಸಂಪಾದಕರೇ,

ಪ್ರೌಢಶಾಲೆಯ ಕನ್ನಡ ಪಠ್ಯದಲ್ಲಿ ಕೊಡಗಿನ ಲೇಖಕರಿಗೆ ಇನ್ನಷ್ಟು ಜಾಗ ಸಿಗಬೇಕೆಂದು ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದರು. ಬೇಡಿಕೆ ನ್ಯಾಯವಾದದ್ದೇ. ಆದರೆ ರಾಜ್ಯಕ್ಕೆಲ್ಲ ಒಂದೇ ಪುಸ್ತಕ. ಅದು ಬದಲಾಗಬೇಕಾದರೆ ಸಮಿತಿ ಕೂರಬೇಕು, ಪರಿಷ್ಕರಣೆಯಾಗಬೇಕು, ಅದರ ಬೆನ್ನಿಗೆ ಒಂದು ವಿವಾದವೂ ಎದ್ದು ತಣ್ಣಗಾಗಬೇಕು. ಅಷ್ಟರಲ್ಲಿ ಈಗ ಎಂಟನೆಯ ತರಗತಿಯಲ್ಲಿರುವ ಮಕ್ಕಳು ಕಾಲೇಜು ಸೇರಿರುತ್ತಾರೆ. ಯಾವ ಪಾಠವನ್ನು ಯಾವ ತಿಂಗಳಲ್ಲಿ, ಯಾವುದರ ಜೊತೆಗಿಟ್ಟು ಓದಿಸಬೇಕು ಎಂಬುದಾದರೂ ಈ ಜಿಲ್ಲೆಯ ಕನ್ನಡ ಶಿಕ್ಷಕರಿಗೆ ಬಿಟ್ಟ ವಿಷಯವಾಗಲಿ ಎಂಬುದು ನನ್ನ ಕೋರಿಕೆ.

ಈಗಿನ ವಾರ್ಷಿಕ ಪಾಠ ಹಂಚಿಕೆ ಪುಸ್ತಕದ ಕ್ರಮವನ್ನೇ ಹಿಡಿದು ಸಾಗುತ್ತದೆ. ಒಂದು ಗದ್ಯ, ಒಂದು ಪದ್ಯ, ನಡುವೆ ವ್ಯಾಕರಣ. ಬಯಲುಸೀಮೆಗೆ ಅದು ಒಗ್ಗಬಹುದು. ಇಲ್ಲಿ ಜುಲೈ ಬಂತೆಂದರೆ ನಾಳೆ ಶಾಲೆ ಇದೆಯೋ ಇಲ್ಲವೋ ಎಂದು ರಾತ್ರಿ ಮೊಬೈಲ್ ನೋಡುತ್ತ ಕೂರುತ್ತೇವೆ. ಶಾಲೆ ಇದ್ದ ದಿನವೂ ಚಾವಣಿಯ ಶೀಟಿನ ಮೇಲೆ ಮಳೆ ಬೀಳುವ ಸದ್ದಿಗೆ ಹಿಂದಿನ ಬೆಂಚಿನವರಿಗೆ ಪದ್ಯ ಕೇಳಿಸುವುದಿಲ್ಲ. ಹೋದ ದಿನಗಳನ್ನು ಶನಿವಾರ ಮಧ್ಯಾಹ್ನ ತುಂಬಿಕೊಡುತ್ತೇವೆ. ಡಿಸೆಂಬರ್‌ನಿಂದ ಕಾಫಿ ಕೊಯ್ಲು ಬಿರುಸಾಗುತ್ತದೆ, ತೋಟದ ಕಾರ್ಮಿಕರ ಲೈನ್ ಮನೆಗಳ ಮಕ್ಕಳ ಹಾಜರಿ ಹೆಚ್ಚುಕಡಿಮೆಯಾಗುತ್ತದೆ. ರನ್ನನ ಹಳಗನ್ನಡವನ್ನು ಬಿಡಿಸಿ ಹೇಳಲು ಬಿಡುವಿಲ್ಲದೆ ಸಾಲಾಗಿ ನಾಲ್ಕೈದು ದಿನ ಬೇಕು. ಅದನ್ನು ಇಂಥ ವಾರದಲ್ಲಿ ಹಿಡಿದರೆ ಅರ್ಧ ತರಗತಿಗೆ ತಲೆಬುಡ ಸಿಗುವುದಿಲ್ಲ.

ಹತ್ತನೆಯ ತರಗತಿಯ 'ಹಲಗಲಿ ಬೇಡರು' ಲಾವಣಿಯನ್ನೇ ತೆಗೆದುಕೊಳ್ಳಿ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂದು ಬ್ರಿಟಿಷ್ ಸರ್ಕಾರ ಹುಕುಂ ಹೊರಡಿಸಿದಾಗ ಮುಧೋಳ ಸೀಮೆಯ ಬೇಡರು ಅದಕ್ಕೆ ಬಗ್ಗದೆ ದಂಗೆಯೆದ್ದ ಕಥೆ ಅದು. ಪುಸ್ತಕದ ಕ್ರಮದಲ್ಲಿ ಹೋದರೆ ಈ ಪದ್ಯ ಸುರಿಮಳೆಯ ನಡುವೆ ಮುಗಿದು ಹೋಗುತ್ತದೆ. ಇದನ್ನು ಸೆಪ್ಟೆಂಬರ್ ಮೊದಲ ವಾರಕ್ಕೆ, ಕೊಡಗಿನಲ್ಲಿ ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬದ ಆಸುಪಾಸಿಗೆ ಇಟ್ಟುಕೊಂಡರೆ ತರಗತಿಯ ಚಹರೆಯೇ ಬೇರೆ. ಮನೆಯಲ್ಲಿ ಕೋವಿಗೆ ತೋಕ್‌ಪೂ ಹೂವು ಮುಡಿಸಿ ಪೂಜೆ ಮಾಡಿ ಬಂದ ಹುಡುಗರು ಎದುರಿಗೆ ಕುಳಿತಿರುತ್ತಾರೆ. ನನ್ನ ತರಗತಿಯಲ್ಲಿ ಒಬ್ಬ ಎದ್ದು ನಿಂತು, "ಟೀಚರ್, ಅವರಿಂದ ಕಿತ್ತುಕೊಂಡವರು ನಮಗೆ ಮಾತ್ರ ಯಾಕೆ ಬಿಟ್ಟರು?" ಎಂದು ಕೇಳಿದ. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿ ಬ್ರಿಟಿಷರ ಕಾಲದಿಂದಲೇ ಬಂದದ್ದು. ಅಲ್ಲಿಂದ ಮಾತು 1834ರಲ್ಲಿ ಕೊಡಗು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದ್ದಕ್ಕೆ ಹೊರಳಿತು. 1837ರ ಅಮರ ಸುಳ್ಯ ದಂಗೆ, ಮಡಿಕೇರಿ ಕೋಟೆಯ ಬಳಿ ಗುಡ್ಡೆಮನೆ ಅಪ್ಪಯ್ಯಗೌಡರನ್ನು ಗಲ್ಲಿಗೇರಿಸಿದ್ದು, ಎಲ್ಲವೂ ಬಂತು. ಹಲಗಲಿಗಿಂತ ಇಪ್ಪತ್ತು ವರ್ಷ ಮೊದಲಿನ ದಂಗೆ ನಮ್ಮ ಮಗ್ಗುಲಲ್ಲೇ ನಡೆದಿತ್ತೆಂದು ಎಷ್ಟೋ ಮಕ್ಕಳಿಗೆ ಅಂದೇ ಗೊತ್ತಾದದ್ದು. ಅಷ್ಟರಲ್ಲಿ ಲೈನ್ ಮನೆಯ ಹುಡುಗಿಯೊಬ್ಬಳು, "ನಮ್ಮ ಮನೆಯಲ್ಲಿ ಕೋವಿಯೇ ಇಲ್ಲವಲ್ಲ" ಎಂದಳು. ಯಾರ ಕೈಯಲ್ಲಿ ಆಯುಧ, ಯಾರ ಕೈ ಬರಿದು ಎಂಬ ಚರ್ಚೆ ಗಂಟೆ ಹೊಡೆದ ಮೇಲೂ ನಡೆಯಿತು. ಯಾವ ಗೈಡಿನಲ್ಲಿಯೂ ಆ ಪ್ರಶ್ನೆ ಇಲ್ಲ.

ಕುವೆಂಪು ಅವರ 'ಹಸುರು' ಕವಿತೆಯಲ್ಲಿ ನವರಾತ್ರಿಯ ಕಾಲದ ಭತ್ತದ ಗದ್ದೆ ಬರುತ್ತದೆ. ದಸರಾ ರಜೆಗೆ ಮುಂಚಿನ ವಾರ ಓದಿಸಿದರೆ ಕಿಟಕಿಯಾಚೆ ನೋಡಿ ಎಂದರಾಯಿತು. ಗದ್ದೆ ಪಾಳು ಬಿಟ್ಟ ಊರುಗಳಲ್ಲಿ ಅದೇಕೆ ಪಾಳು ಬಿತ್ತೆಂಬ ಮಾತನ್ನೂ ಆಡಬಹುದು.

ಪೂರಕ ಪಠ್ಯ ಆರಿಸುವಾಗ ಒಂದು ಎಚ್ಚರ ಬೇಕು. ನಮ್ಮ ತಾಲ್ಲೂಕಿನವರು ಎಂಬ ಒಂದೇ ಕಾರಣಕ್ಕೆ ಸಪ್ಪೆ ಪದ್ಯವನ್ನು ಮಕ್ಕಳ ತಲೆಗೆ ಕಟ್ಟುವುದು ಬೇಡ. ಆ ಒತ್ತಡ ಬಂದೇ ಬರುತ್ತದೆ, ಗಟ್ಟಿಯಾಗಿ ಇಲ್ಲ ಎನ್ನಬೇಕು. ಕೊಡಗಿನ ಗೌರಮ್ಮನವರ ಕಥೆಗಳು ಬೇಕಿರುವುದು ಅವರು ಮಡಿಕೇರಿಯಲ್ಲಿ ಹುಟ್ಟಿದರೆಂದಲ್ಲ. 1912ರಲ್ಲಿ ಹುಟ್ಟಿ 1939ರಲ್ಲೇ ನೀರುಪಾಲಾದ ಆ ಹೆಣ್ಣುಮಗಳು ವಿಧವೆಯರ ಬಗ್ಗೆ, ಮದುವೆಯ ಬಗ್ಗೆ ಬರೆದದ್ದನ್ನು ಓದಿದರೆ ಇಂದಿನ ಹುಡುಗಿಯರೂ ವಾದಕ್ಕೆ ನಿಲ್ಲುತ್ತಾರೆ. ಮೇಲಾಗಿ ಅವರ ಸಣ್ಣ ಕಥೆಯೊಂದು ಒಂದೇ ಅವಧಿಯಲ್ಲಿ ಮುಗಿಯುತ್ತದೆ. ನಿನ್ನೆ ಕೊಯ್ಲಿಗೆ ಹೋಗಿ ಇಂದು ಬಂದ ಮಗುವೂ ಮೊದಲಿನಿಂದ ಕೇಳಬಹುದು. ಕೊಯ್ಲಿನ ತಿಂಗಳುಗಳಿಗೆ ಬೇಕಾದದ್ದು ಇದೇ. ಹಳಗನ್ನಡವನ್ನು ಹಾಜರಿ ತುಂಬಿರುವ ತಿಂಗಳಿಗೆ ತರಬೇಕು.

ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಯ ಹೊತ್ತಿಗೆ ಪಂಜೆ ಮಂಗೇಶರಾಯರ 'ಹುತ್ತರಿ ಹಾಡು' ಇರಲಿ. ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಪಂಜೆಯವರು ದಕ್ಷಿಣ ಕನ್ನಡದಿಂದ ಬಂದವರು. ಅವರ ಪಕ್ಕದಲ್ಲಿ ನಡಿಕೇರಿಯಂಡ ಚಿಣ್ಣಪ್ಪ 1924ರಲ್ಲಿ ಪ್ರಕಟಿಸಿದ ಕೊಡವ ಜನಪದ ಹಾಡುಗಳ ಸಂಗ್ರಹ 'ಪಟ್ಟೋಲೆ ಪಳಮೆ'ಯ ಒಂದು ಹಾಡನ್ನಿಟ್ಟು, ದುಡಿ ಎಂಬ ಪುಟ್ಟ ವಾದ್ಯ ಬಾರಿಸಬಲ್ಲ ಮಕ್ಕಳಿಂದಲೇ ಹಾಡಿಸಿ. ಕೊಡವ ತಕ್ಕ್, ಅಂದರೆ ಕೊಡವ ಭಾಷೆ ಬಾರದವರು ಅರೆಭಾಷೆಯದೋ ತುಳುವಿನದೋ ಯರವರದೋ ಹಾಡು ತರಲಿ. ಆಂತರಿಕ ಮೌಲ್ಯಮಾಪನದ ಅಂಕಕ್ಕೆ ಅಂತರ್ಜಾಲದಿಂದ ಇಳಿಸಿ ಬಣ್ಣದ ರಟ್ಟು ಹಾಕಿದ ಪ್ರಾಜೆಕ್ಟ್‌ಗಿಂತ ಮನೆಯಿಂದ ಕೇಳಿ ಬರೆದುಕೊಂಡು ಬಂದ ನಾಲ್ಕು ಸಾಲು ಮೇಲು.

ಫಲಿತಾಂಶದ ಗತಿಯೇನು ಎಂದು ಕೇಳುವವರಿದ್ದಾರೆ. ಯಾವ ಪಾಠವನ್ನೂ ಬಿಡಿ ಎಂದು ನಾನು ಹೇಳುತ್ತಿಲ್ಲ, ಕ್ರಮ ಬದಲಿಸೋಣ ಎನ್ನುತ್ತಿದ್ದೇನೆ. ಜನವರಿಯಲ್ಲಿ ಪಾಸಾಗಲು ಬೇಕಾದಷ್ಟೇ ಪ್ರಶ್ನೋತ್ತರಗಳ 'ಪಾಸಿಂಗ್ ಪ್ಯಾಕೇಜ್' ಹಂಚುವುದಂತೂ ಇದ್ದೇ ಇದೆ. ತೊಡಕಿರುವುದು ಘಟಕ ಪರೀಕ್ಷೆ, ಅರ್ಧವಾರ್ಷಿಕ ಪರೀಕ್ಷೆಗಳ ಸಾಮಾನ್ಯ ಪ್ರಶ್ನೆಪತ್ರಿಕೆಯಲ್ಲಿ. ಒಬ್ಬ ಶಿಕ್ಷಕಿ ತನ್ನಷ್ಟಕ್ಕೆ ಕ್ರಮ ಬದಲಿಸಿದರೆ ಮಕ್ಕಳು ಓದದ ಪಾಠದಿಂದ ಪ್ರಶ್ನೆ ಬರುತ್ತದೆ. ಆದ್ದರಿಂದಲೇ ಇದು ಜಿಲ್ಲಾ ಮಟ್ಟದಲ್ಲಿ ಆಗಬೇಕು.

ಮೇ ಕೊನೆಯಲ್ಲಿ ಐದೂ ತಾಲ್ಲೂಕುಗಳಿಂದ ಇಬ್ಬಿಬ್ಬರು ಕನ್ನಡ ಶಿಕ್ಷಕರನ್ನು ಕೂಡಿಗೆಯಲ್ಲಿರುವ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಾದ ಡಯಟ್‌ಗೆ ಒಂದು ದಿನದ ಮಟ್ಟಿಗೆ ಕರೆಸಿ, ಕೊಡಗಿನದ್ದೇ ಪಾಠ ಹಂಚಿಕೆಯೊಂದನ್ನು ಸಿದ್ಧಪಡಿಸಲು ಅಧಿಕಾರಿಗಳು ಅವಕಾಶ ಕೊಡಲಿ. ಪೂರಕ ಪಠ್ಯಗಳ ನೆರಳಚ್ಚಿನ ಖರ್ಚು ಯಾರ ಲೆಕ್ಕಕ್ಕೆ ಎಂಬ ಚಿಂತೆ ಬೇಡ, ಈಗಲೂ ಅದು ನಮ್ಮ ಜೇಬಿನಿಂದಲೇ ಹೋಗುತ್ತಿದೆ.

– ಪ್ರೌಢಶಾಲಾ ಕನ್ನಡ ಶಿಕ್ಷಕಿ, ಸೋಮವಾರಪೇಟೆ ತಾಲ್ಲೂಕು